ಎತ್ತರ: ೯೪೪ ಮೀಟರ್

ನನ್ನ ಕೆಲಸ ಹೊಲಿಯುವುದು.
ಬಟ್ಟೆಯಲ್ಲ, ಗಿಡ.
ಬಳ್ಳಾರಿಯ ಕಾಲೇಜೊಂದರ ಹಿಂದಿನ ಕೋಣೆಯಲ್ಲಿ
ಒಣಗಿದ ಕಡ್ಡಿಯನ್ನು ಬಿಳಿ ಹಾಳೆಗೆ
ಬಿಳಿ ದಾರದಲ್ಲಿ ಕಟ್ಟಿ, ಹಿಂದೆ ಗಂಟು ಹಾಕಿ
ನುಸಿಗುಳಿಗೆಯ ವಾಸನೆಯಲ್ಲಿ ಮಲಗಿಸುವುದು,
ಇಪ್ಪತ್ತಾರು ವರ್ಷದಿಂದ.
ಎಲೆ ಮುರಿಯದಂತೆ ಸೂಜಿ ಹಾಯಿಸಬೇಕು,
ಕೂಸಿನ ಕಿವಿ ಚುಚ್ಚುವಷ್ಟು ನಾಜೂಕು.

ಮಾರ್ಚಿಯಲ್ಲಿ ಅವರೆಲ್ಲ ಬಂದರು
ಧಾರವಾಡದಿಂದ, ಕಲಬುರಗಿಯಿಂದ, ಮೈಸೂರಿನಿಂದ,
ಕೊರಳಲ್ಲಿ ಹೆಸರಿನ ಚೀಟಿ, ಜೇಬಲ್ಲಿ ಭೂತಗನ್ನಡಿ.
ಕಾಡುಗಿಡಗಳ ಬಗ್ಗೆ ಎರಡು ದಿನದ ಮಾತು.
ಒಬ್ಬರು ಬಂಡೆಸಂದಿನ ಹುಲ್ಲಿನ ಲೆಕ್ಕ ಕೊಟ್ಟರು.
ಕನಕಗಿರಿ ಕಡೆಯ ಹುಡುಗಿಯೊಬ್ಬಳು
ಕಮರದ ಸಸಿಗಳನ್ನು ಮೇಕೆ ಬಾಯಿಂದ ಉಳಿಸಿದ್ದು ಹೇಳುತ್ತಾ
ಮೇಕೆಯ ಪರವಾಗಿಯೂ ಎರಡು ಮಾತಾಡಿದಳು.
ಮಾಕಳಿ ಬೇರಿನ ಮೇಲಂತೂ ಜಗಳವೇ ಆಯಿತು:
ತಪ್ಪು ಅಗೆಯುವವರದ್ದೋ
ಉಪ್ಪಿನಕಾಯಿ ತಿನ್ನುವವರದ್ದೋ.
ಊಟಕ್ಕೆ ಅದೇ ಉಪ್ಪಿನಕಾಯಿ ಬಂತು.
ಯಾರೂ ಎಲೆಯಲ್ಲಿ ಬಿಡಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು.
ಗೋಡೆ ಮೇಲಿದ್ದ ಹೂ ಆರಿತು.
ಫ್ಯಾನು ನಿಂತ ನಿಶ್ಶಬ್ದದಲ್ಲಿ
ಗಾದಿಲಿಂಗಪ್ಪ ಮೇಷ್ಟ್ರು, ನಿವೃತ್ತರು, ಎದ್ದು
"ಎರ್ರೆಮ್ಮಾ, ಆ ಸಂಡೂರಿನ ಹಾಳಿ ತಗೊಂಬಾ" ಅಂದರು.

ತೆಗೆದು ತಂದು ಕಿಟಕಿಯ ಬೆಳಕಿಗೆ ಹಿಡಿದೆ.
ನಾನು ಕೆಲಸಕ್ಕೆ ಸೇರಿದ ವರ್ಷದ್ದು.
ಗೇಣುದ್ದ ಗಿಡ, ಮೂರು ಹೂವು, ಬಣ್ಣ ಈಗ ಚಹಾದ್ದು.
ಲ್ಯಾಟಿನ್ ಹೆಸರಿದೆ, ನನ್ನ ನಾಲಿಗೆಗೆ ತಿರುಗುವುದಿಲ್ಲ.
ಕನ್ನಡದಲ್ಲಿ ಹೆಸರಿಲ್ಲ, ಅಂದರು ಯಾರೋ.
ಕುರಿ ಕಾಯುತ್ತಿದ್ದ ನಮ್ಮ ಸೋದರತ್ತೆ
ಗುಬ್ಬಿಕಾಲು ಅನ್ನುತ್ತಿದ್ದಳು.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
ಹಾಳೆ ಮುಂದಿನ ಸಾಲಿಗೆ ಹೋಗಿತ್ತು.

ಚೀಟಿಯಲ್ಲಿ ನನ್ನದೇ ಅಕ್ಷರ, ಮೇಷ್ಟ್ರು ಹೇಳಿ ಬರೆಸಿದ್ದು:
ಗುಡ್ಡದ ಮೂಡಣ ಇಳಿಜಾರು. ಕೆಂಪು ಕಲ್ಲು.
ಮಳೆ ಬಿದ್ದ ಒಂಬತ್ತನೇ ದಿನ.
ಎತ್ತರ: ೯೪೪ ಮೀಟರ್.

ಮರುದಿನ ಜೀಪಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು,
ಗಿಡ ಒತ್ತುವ ಹಳೇ ಪೇಪರಿನ ಕಟ್ಟು ಹೊರಲು.
ಗೇಟಿನಲ್ಲಿ ಡ್ರೈವರ್ ಶಾಶಾವಲಿ ಕಾಗದ ತೋರಿಸಿದ,
ಮೂರು ಸೀಲು ಇದ್ದವು, ನಾಲ್ಕನೆಯದು ಕೇಳಿದರು.
ಕೊನೆಗೆ ಬಿಟ್ಟರು.
ರಸ್ತೆ ಮುಗಿದಲ್ಲಿ ಕನಕಗಿರಿಯ ಹುಡುಗಿ ಯಂತ್ರ ನೋಡಿ
ಎಂಟುನೂರ ಎಪ್ಪತ್ತೊಂದು, ಅಂದಳು.
ಇನ್ನೂ ಹತ್ತಬೇಕೆಂದು ತಲೆ ಎತ್ತಿದೆವು.

ಹತ್ತಲು ಏನೂ ಇರಲಿಲ್ಲ.
ಅಲ್ಲಿಂದ ಮೇಲೆ ಎಪ್ಪತ್ಮೂರು ಮೀಟರ್ ಬರೀ ಆಕಾಶ.
ಗಿಡದ ವಿಳಾಸದಲ್ಲಿ
ಒಂದು ಹದ್ದು ತಿರುಗುತ್ತಿತ್ತು.

ಮೇಷ್ಟ್ರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.
ಬಿಸಿಲಿತ್ತು.

ಸುರಿದ ಮಣ್ಣಿನ ದಿಬ್ಬದ ಮೇಲೆ ತಂಗಡಿ, ಉತ್ತರಾಣಿ,
ಕರೆಯದೆ ಬರುವಂಥವು.
ಅವನ್ನೇ ಕಿತ್ತು ಪೇಪರಿನಲ್ಲಿಟ್ಟೆವು,
ಖಾಲಿ ಕೈಯಲ್ಲಿ ಇಳಿಯಬಾರದೆಂದು.

ಸಂಜೆ ಠರಾವು ಓದಿದರು. ಶಾಲು, ಫೋಟೊ,
ಬಸ್ಸಿನ ಅವಸರ.
ಹಾಳೆಯನ್ನು ಬೀರುವಿಗೆ ಸೇರಿಸುವ ಮುಂಚೆ
ಮೂಲೆಗೆ ಅಂಟಿಸಿದ ಪೊಟ್ಟಣ ಬಿಚ್ಚಿದೆ,
ಉದುರಿದ್ದನ್ನು ಹಿಡಿಯಲೆಂದು ಅಂದು ನಾನೇ ಮಡಚಿದ್ದು.
ಬೀಜ ಇರಲಿಲ್ಲ. ಇದ್ದಿದ್ದರೆ ಇದು ಬೇರೆ ಕಥೆ.
ಬೇರಿಗೆ ಮೆತ್ತಿಕೊಂಡು ಬಂದ
ಒಂದು ಚಿಟಿಕೆ ಕೆಂಪು ಮಣ್ಣಿತ್ತು.
ಲಾರಿ ಹತ್ತಿ, ರೈಲು ಹತ್ತಿ, ಹಡಗು ಹತ್ತಿ ಹೋದ ಗುಡ್ಡ
ಇಷ್ಟು ಇಲ್ಲೇ ಕೂತಿತ್ತು.
ಉಸಿರು ಬಿಗಿಹಿಡಿದು ಮತ್ತೆ ಮಡಚಿದೆ.

ಆಮೇಲೆ, ಯಾರೂ ಇಲ್ಲದ್ದು ನೋಡಿ,
ಲ್ಯಾಟಿನ್ ಹೆಸರಿನ ಕೆಳಗೆ
ಪೆನ್ಸಿಲಿನಲ್ಲಿ ಬರೆದೆ: ಗುಬ್ಬಿಕಾಲು.
ತಪ್ಪಾದರೆ ಅಳಿಸಲು ಬರುತ್ತದೆ.

ಕೌಲ್‌ಬಜಾರಿನಲ್ಲಿ ಆಟೊ ಇಳಿದಾಗ
ಸೀರೆಯ ಅಂಚಿಗೆ ಉತ್ತರಾಣಿ, ಹತ್ತು ಹನ್ನೆರಡು ಕಾಳು.
ಮೋರಿ ಪಕ್ಕ ನಿಂತು ಒಂದೊಂದೇ ಕಿತ್ತು ಎಸೆದೆ.
ಹುಟ್ಟುತ್ತವೆ ಬಿಡಿ.
ಅವುಗಳ ಬಗ್ಗೆ ಯಾರೂ ಸಭೆ ಕರೆದಿಲ್ಲ,
ಇನ್ನೂ.